ಮಗುವಿಗೆ ಮೊದಲ ವಾಚ್ ಕೊಡಿಸುವಾಗ

ಮಗಳಿಗೆ 7 ತುಂಬಿದಾಗ ರಾಯಚೂರಿನ ಅಂಗಡಿಗಳನ್ನೆಲ್ಲ ಸುತ್ತಿ ಅವಳ ಮೊದಲ ವಾಚ್ ತಂದೆ. ನಿಮಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮುಳ್ಳಿನ ವಾಚನ್ನೇ ಕೊಡಿಸಿ. ಡಿಜಿಟಲ್‌ನಲ್ಲಿ ಮಗು ಸುಮ್ನೆ ಅಂಕಿ ಓದುತ್ತದೆ. ಮುಳ್ಳು ನೋಡಿದರೆ ಶಾಲೆ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಅನ್ನೋದು ಕಣ್ಣಿಗೇ ಕಾಣುತ್ತದೆ. 1ರಿಂದ 12ರವರೆಗೆ ಎಲ್ಲ ಅಂಕಿ ಇರಬೇಕು, ನಿಮಿಷದ ಗೆರೆಗಳೂ ಇರಬೇಕು. ರೋಮನ್ ಅಂಕಿಯದು ಚೆಂದ ಕಂಡರೂ ಬೇಡ.

ಬೆಲ್ಟ್ ವಿಷಯದಲ್ಲಿ ಜಾಸ್ತಿ ಗಮನ ಕೊಡಿ. ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಚರ್ಮದ ಬೆಲ್ಟ್ ಬೆವರಿಗೆ ನಾತ ಹಿಡಿಯುತ್ತದೆ. ಪ್ಲಾಸ್ಟಿಕ್‌ನದು ಬಿಗಿಯಾದರೆ ಕೈಯೆಲ್ಲ ತುರಿಕೆ. ನೈಲಾನ್ ಬಟ್ಟೆಯದಾದರೆ ತೊಳೆದು ಒಣಗಿಸಬಹುದು. ಮಗುವನ್ನು ಅಂಗಡಿಗೇ ಕರೆದುಕೊಂಡು ಹೋಗಿ. ತಾನೇ ಕಟ್ಟಿಕೊಳ್ಳಲು, ಬಿಚ್ಚಲು ಬರುತ್ತದೆಯಾ ನೋಡಿ.

30 ಮೀಟರ್ ವಾಟರ್ ರೆಸಿಸ್ಟೆಂಟ್ ಅಂತ ಬರೆದಿದ್ದರೆ ಈಜಲು ನಡೆಯುತ್ತದೆ ಅಂದುಕೊಳ್ಳಬೇಡಿ. ನೀರು ಸಿಡಿದರೆ ತಡೆಯುತ್ತದೆ, ಅಷ್ಟೇ.

ಹಿಂದಿನ ಮುಚ್ಚಳ ಗಟ್ಟಿಯಾಗಿರಲೇಬೇಕು. ಒಳಗಿನ ಬಟನ್ ಸೆಲ್ ನುಂಗಿದರೆ ಅನ್ನನಾಳ ಸುಟ್ಟುಹೋಗಬಹುದು, ಜೀವಕ್ಕೇ ಅಪಾಯ. ಸೆಲ್ ಬದಲಿಸಿದಾಗ ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ, ಮನೆಗೆ ತರಬೇಡಿ.