ಕಡಲು ಬಂದ್ ಇದ್ದಾಗ ಹುಬ್ಬಳ್ಳಿಯೊಳಗ ಮೀನ ಮಾರೋದು: ನನ್ನ ಅನುಭವ

ಹುಬ್ಬಳ್ಳಿಗೆ ಕಡಲಿಲ್ಲ ಖರೆ, ಆದ್ರ ನಮ್ಮ ಗಣೇಶಪೇಟಿ ಮೀನ ಮಾರ್ಕೆಟ್ ನಡಿಯೋದು ಕಾರವಾರ, ಅಂಕೋಲಾ, ಹೊನ್ನಾವರದ ಮ್ಯಾಲೆ. ಅರಬೈಲ್ ಘಾಟ್ ಹತ್ತಿ ಯಲ್ಲಾಪುರ, ಕಲಘಟಗಿ ದಾಟಿ ನಸುಕಿನ್ಯಾಗ ಗಾಡಿ ಬಂದ್ರ ಅಂಗಡಿ ತೆಗೀತೇವಿ, ಇಲ್ಲಂದ್ರ ಇಲ್ಲ. ಹಂಗಾಗಿ ಜೂನ್ 1ರಿಂದ ಜುಲೈ 31ರ ತನಕ, 61 ದಿವಸ ಯಾಂತ್ರೀಕೃತ ಬೋಟ್ ಕಡಲಿಗೆ ಇಳೀಬಾರದು ಅನ್ನೋ ರೂಲ್ಸ್ ನಮಗೂ ಬಡೀತೈತಿ. ಹೊಸದಾಗಿ ಮೀನಂಗಡಿ ಹಾಕಾಕ ಹೊಂಟ ಹುಡುಗ್ರು "ಅಣ್ಣಾ, ಮಳಿಗಾಲದಾಗ ಹೆಂಗ ನಡಸ್ತಿ" ಅಂತ ಕೇಳ್ತಿರ್ತಾರ, ಅದಕ್ಕ ಬರ್ಯಾಕತ್ತೇನಿ.

ಎಲ್ಲಾಕ್ಕಿಂತ ಬಿಗಿ ಜೂನ್ ಮೊದಲನೇ ಎರಡು ವಾರ. ಯಾಕಂದ್ರ ಆಂಧ್ರ, ತಮಿಳುನಾಡು ಕಡೆ ಬಂದ್ ಇರೋದು ಏಪ್ರಿಲ್ 15ರಿಂದ ಜೂನ್ 14, ಹಂಗಾಗಿ ಆ ಹದಿನಾಕು ದಿವಸ ಎರಡೂ ಕಡೆ ಕಡಲು ಮುಚ್ಚಿರ್ತೈತಿ, ಆಮ್ಯಾಲೆ ಪೂರ್ವದ ಮಾಲು ಬರಾಕ ಶುರುವಾಗ್ತೈತಿ. ಅಲ್ಲಿ ತನಕ ಆಂಧ್ರದ ಭೀಮಾವರಂ ಕಡೆ ಹೊಂಡದ ರೋಹು, ಕಾಟ್ಲಾ, ಗದಗ-ಹಾವೇರಿ ಕೆರಿಯ ಜಿಲೇಬಿ ಮೀನ, ಇವೇ ಗತಿ. ಫ್ರೀಜರ್ ಮಾಲೂ ಇಡ್ತೇನಿ, ಬ್ಯಾರೆ ಬುಟ್ಟಿಯೊಳಗ, ಬ್ಯಾರೆ ರೇಟಿಗೆ, ಗಿರಾಕಿ ಕೇಳದಿದ್ರೂ ಹೇಳೇ ಕೊಡ್ತೇನಿ. ಹೊಟ್ಟಿ ಮ್ಯಾಲೆ ಬೆರಳಿಂದ ಒತ್ತಿ ನೋಡ್ರಿ, ತಗ್ಗು ಹಂಗ ಉಳೀತಂದ್ರ ಅದು ಇವತ್ತಿನದಲ್ಲ.

ಆದ್ರ ನನ್ನ ಮಳಿಗಾಲ ನಿಂತಿರೋದು ಒಣ ಮೀನಿನ ಮ್ಯಾಲೆ. ಏಪ್ರಿಲ್ ಕಡೀಕ, ಮೇ ತಿಂಗಳದಾಗ ಹೊನ್ನಾವರದ ಕಡೆ ಹೋಗಿ ಅಲ್ಲಿನ ಹೆಣ್ಮಕ್ಕಳ ಹತ್ರ ನೇರ ತಗೋತೇನಿ, ನಡಕ ಏಜೆಂಟ್ ಇಲ್ಲ. ಒಣ ಸೀಗಡಿ ಒಂದು ಮುಷ್ಟಿ ಹಿಡದು ಬಿಳಿ ಹಾಳಿ ಮ್ಯಾಲೆ ಕೊಡವ್ತೇನಿ, ಉಸುಕು ಉದುರಿದ್ರ ನೆಲದ ಮ್ಯಾಲೆ ಒಣಗಿಸಿದ್ದು, ಉದುರಲಿಲ್ಲಂದ್ರ ಬಲಿ ಹಾಸಿ ಒಣಗಿಸಿದ್ದು, ಅದಕ್ಕ ನಾಕು ರೂಪಾಯಿ ಹೆಚ್ಚಿಗೆ ಕೊಟ್ರೂ ಲುಕ್ಸಾನಿಲ್ಲ. ಬಂಗಡಿಯಾದ್ರ ಬೆನ್ನ ಮುರದು ನೋಡ್ತೇನಿ, ಮುಳ್ಳಿನ ಹಂತ್ಯಾಕ ಹಸಿ ಇದ್ರ ನಮ್ಮ ಜೂನ್ ತಂಡಿಗೆ ಬೂಸು ಹಿಡೀತೈತಿ.

ರೊಕ್ಕದ ಲೆಕ್ಕ ಇಲ್ಲೇ ಬರ್ತೈತಿ ನೋಡ್ರಿ. ಬಂದ್ ಟೈಮಿನ್ಯಾಗ ಸರ್ಕಾರದ್ದೊಂದು ಉಳಿತಾಯ-ಪರಿಹಾರ ಸ್ಕೀಮ್ ಐತಿ, ಮೀನುಗಾರ ತಾನು 1,500 ರೂಪಾಯಿ ಕಟ್ಟಬೇಕು, ಸರ್ಕಾರ 3,000 ಸೇರಿಸ್ತೈತಿ, ಒಟ್ಟು 4,500 ಮೂರು ತಿಂಗಳಿಗೆ ಹಂಚಿ ಬರ್ತೈತಿ. ತಿಂಗಳಿಗೆ 1,500 ಒಳಗ ಯಾವ ಸಂಸಾರ ನಡೀತೈತಿ ಹೇಳ್ರಿ, ಅದೂ ಅದರೊಳಗ ಒಂದು ಪಾಲು ಅವರದೇ ರೊಕ್ಕ. ಅದಕ್ಕ ಜೂನ್‌ದಾಗ ಸಾವ್ಕಾರರ ಕಡೆ ಮುಂಗಡ ಇಸ್ಕೋತಾರ, ಇಸ್ಕೊಂಡ ಮ್ಯಾಲೆ ಆಗಸ್ಟ್‌ದಾಗ ಮೀನ ಅವನಿಗೇ, ಅವ ಹೇಳಿದ ರೇಟಿಗೇ ಕೊಡಬೇಕು. ನಾನೂ ಮುಂಗಡ ಕೊಡ್ತೇನಿ, ಆದ್ರ ರೇಟು ಮಾತ್ರ ಮಾಲು ಇಳಿದ ದಿವಸದ ಬಂದರದ ರೇಟು, ಮತ್ತ ಬ್ಯಾರೆಯವ್ರು ಹೆಚ್ಚಿಗೆ ಕೊಟ್ರ ಅವರಿಗೇ ಮಾರಿ ನನ್ನ ರೊಕ್ಕ ತಿರಗಿ ಕೊಡಬಹುದು. ನನ್ನ ಜೊತಿಗಿನ ವ್ಯಾಪಾರಸ್ಥರು ನಗ್ತಾರ, ನಗಲಿ, ಮಾಲು ಕಮ್ಮಿ ಇದ್ದ ದಿವಸ ಮೊದಲನೇ ಬುಟ್ಟಿ ನನಗೇ ಬರ್ತೈತಿ.

ಈಗ ಹೊನ್ನಾವರದ ಕಡೆ ಹೊಸ ಮಾತು ಅಂದ್ರ ಅಪ್ಸರಕೊಂಡ-ಮುಗಳಿ ಕಡಲಧಾಮ, ಅಂದ್ರ ಕಡಲ ಜೀವಿಗಳ ಅಭಯಾರಣ್ಯ. ರಾಜ್ಯದಾಗ ಇಂಥಾದ್ದು ಇದೇ ಮೊದಲು, ಸುಮಾರು 60 ಚದರ ಕಿಲೋಮೀಟರ್, ಬಹುಪಾಲು ನೀರೇ. ಕಾಸರಕೋಡ ದಂಡಿಗೆ ಆಲಿವ್ ರಿಡ್ಲೆ ಆಮೆ ತತ್ತಿ ಇಡಾಕ ಬರ್ತಾವ, ಅದನ್ನ ಕಾಯಬೇಕು ಅನ್ನೋದ್ರಾಗ ಅಲ್ಲಿನವರದೇನೂ ತಕರಾರಿಲ್ಲ, ಗೂಡು ಕಂಡ್ರ ಫಾರೆಸ್ಟ್‌ನವರಿಗೆ ಸುದ್ದಿ ಮುಟ್ಟಿಸೋರೂ ಅವರೇ. ನಾನು ಮಾಲು ತಗೊಳೋ ಅಕ್ಕ ಒಬ್ಬಾಕಿ ಅಂದಿದ್ದು ಇಷ್ಟೇ: "ಆಮೆ ಬರ್ಲಿ ತಮಾ, ನಮ್ಮ ಪಾತಿ ದೋಣಿಯಿಂದ ಅದಕ್ಕೆ ಏನಾಗ್ತದೆ? ರಾತ್ರಿ ಲೈಟ್ ಹಾಕಿ ಬಳದು ಹೋಗೋರನ್ನ ಹಿಡೀಲಿ ಮೊದ್ಲು." ಖರೇನ ಐತಿ. ಲೈಟ್ ಫಿಶಿಂಗ್, ಎರಡು ಬೋಟ್ ಕೂಡಿ ಒಂದೇ ಬಲಿ ಎಳಿಯೋ ಬುಲ್ ಟ್ರಾಲಿಂಗ್, ಎರಡನ್ನೂ ಕೇಂದ್ರ 2017ರ ನವೆಂಬರ್‌ದಾಗೇ ಬಂದ್ ಮಾಡೇತಿ. ಕಡಲ ನೀರನ್ನ ಅಭಯಾರಣ್ಯಕ್ಕ ಸೇರಿಸೋ ಮುಂದ ಅಲ್ಲಿನ ಮೀನುಗಾರರ ಕಸುಬು ಕಾಯಬೇಕು ಅಂತ 1972ರ ವನ್ಯಜೀವಿ ಕಾಯ್ದೆಯೊಳಗೇ ಐತಿ. ಕಾಗದದ ಮ್ಯಾಲೆ ಎಲ್ಲಾ ಚಂದ ಐತಿ, ದಂಡಿ ಮ್ಯಾಲೆ ಮೊದಲು ಅಂಜೋದು ಮಾತ್ರ ಸಣ್ಣ ದೋಣಿಯವ. ನಮ್ಮ ಗದಗ ಜಿಲ್ಲೆ ಮಾಗಡಿ ಕೆರಿಗೂ ಕುಮಟಾದ ಅಘನಾಶಿನಿ ಅಳಿವೆಗೂ 2024ರ ಜನವರಿಯೊಳಗ ಒಂದೇ ಸಲ ರಾಮ್ಸರ್ ಪಟ್ಟ, ಅಂದ್ರ ಜಗತ್ತಿನ ಮಹತ್ವದ ಜೌಗು ಜಾಗ ಅನ್ನೋ ಮಾನ್ಯತೆ, ಬಂತು, ಇಲ್ಲಿ ನಾವು ಬಾತುಕೋಳಿ ಫೋಟೋ ಹೊಡಕೊಂಡು ಖುಷಿಯಾದ್ವಿ, ಅಲ್ಲಿ ಅಳಿವೆಯೊಳಗ ಇಳಿದು ಬೆಳಚು (ಚಿಪ್ಪು ಮೀನ) ಆರಿಸಿ ಹೊಟ್ಟಿ ಹೊರಿಯೋರು ಮಾತ್ರ ಮುಂದೇನು ರೂಲ್ಸ್ ಬರ್ತಾವೋ ಅಂತ ಕೇಳಾಕತ್ತಿದ್ರು.

ಬಂದ್ ತೆಗೆದ ಮ್ಯಾಲೆ ಇನ್ನೊಂದು ಪೇಚಾಟ. ಆಗಸ್ಟ್‌ದಾಗ ಬೋಟ್ ಇಳಿದು ಸೀಗಡಿ ರಾಶಿ ಬೀಳೋ ಹೊತ್ತಿಗೆ ನಮ್ಮಲ್ಲಿ ಶ್ರಾವಣ ಹಿಡೀತೈತಿ, ಅರ್ಧ ಹುಬ್ಬಳ್ಳಿ ಮೀನ ಮುಟ್ಟಂಗಿಲ್ಲ. ಆ ತಿಂಗಳ ಮಾಲು ದಾಬಾ, ಹೋಟೆಲ್‌ಗಳಿಗೆ ಮೊದಲೇ ಮಾತಾಡಿ ಇಟ್ಟಿರಬೇಕು, ಇಲ್ಲಂದ್ರ ಐಸಿನ ಖರ್ಚೇ ತಿಂದು ಹಾಕ್ತೈತಿ. ಗಣಪತಿ ಕಳಿಸಿದ ಮ್ಯಾಲೆ ಮನಿ ಗಿರಾಕಿ ಬರ್ತಾರ, ಬಂದವ್ರು ಮೊದಲು ಕೇಳೋದು ಸೋವಿ ಬಂಗಡಿ. ಗೇಣಿಗಿಂತ ಗಿಡ್ಡ ಬಂಗಡಿ ನಾನು ಇಳಿಸ್ಕೊಳ್ಳಂಗಿಲ್ಲ, ಇನ್ನೂ ತತ್ತಿ ಇಡದ ಮೀನ ಅದು. "ಬಾಜೂ ಅಂಗಡ್ಯಾಗ ಐತಲ್ಲೋ" ಅಂತ ಕಾಕಾ ಒಬ್ರು ಬೈದು ಹೋದ್ರು, ಮುಂದಿನ ಐತವಾರ ದೊಡ್ಡದು ಒಯ್ಯಾಕ ಅವರೇ ಬಂದ್ರು, ರೇಟಿಗೆ ಚೌಕಾಶಿ ಮಾತ್ರ ಬಿಡಲಿಲ್ಲ.