4ಕೆ ಪ್ಲಾನಿಗೆ ದುಡ್ಡು ಕಟ್ಟಿ 720 ನೋಡ್ತಿದ್ದೆ: ನನ್ನ ಅನುಭವ

ಹೋದ ಮಳೆಗಾಲಕ್ಕೆ ಮೊದ್ಲು ಅಪ್ಪಯ್ಯಂಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಯ್ತು. ಅದಾದ್ಮೇಲೆ ತೋಟದ ಆಚೆ ತುದಿಯ ಅಡಿಕೆ ಮರದಲ್ಲಿ ಎಷ್ಟು ಕೊನೆ ಇದೆ ಅಂತ ಅಂಗಳದಲ್ಲೇ ನಿಂತು ಹೇಳೋಷ್ಟು ಚೊಲೋ ಕಾಣ್ಲಿಕ್ಕೆ ಶುರುವಾಯ್ತು ಅವ್ರಿಗೆ, ನನ್ನ ಕಂಪ್ಯೂಟರಿನಲ್ಲಿ ಬರೋ ವಿಡಿಯೋ ಮಸುಕಾಗಿದೆ ಅಂತ ಮೊದ್ಲು ಕಂಡಿದ್ದೂ ಅವ್ರಿಗೇ. ಮಂಗಟ್ಟೆ ಹಕ್ಕಿ ಬರೋ ಕಾಡಿನ ಡಾಕ್ಯುಮೆಂಟರಿ ಹಾಕಿ ಕೊಟ್ಟಿದ್ದೆ, ಹತ್ತು ನಿಮಿಷ ನೋಡಿ, "ತಮಾ, ನೀ ತೆಗ್ದ ಯಕ್ಷಗಾನದ ವಿಡಿಯೋದಲ್ಲಿ ಕಿರೀಟದ ಮಣಿ ಸೈತ ಕಾಣ್ತು, ಈ ಮಂಗಟ್ಟೆ ಎಂತಕ್ಕೆ ಹಿಂಗೆ ಮಸಕು ಮಸಕು?" ಅಂದ್ರು.

ನಾನು ಸಿರ್ಸಿ ಕಡೆ ಮದುವೆ, ಉಪನಯನ, ಯಕ್ಷಗಾನ ಶೂಟ್ ಮಾಡಿ ಎಡಿಟ್ ಮಾಡೋನು. ಹಂಗಾಗಿ ಮನೇಲಿ 27 ಇಂಚಿನ 4ಕೆ ಮಾನಿಟರ್ ಇದೆ, ಸ್ಟ್ರೀಮಿಂಗಿಗೂ 4ಕೆ ಇರೋ ದುಬಾರಿ ಪ್ಲಾನೇ ತಗೊಂಡಿದ್ದೆ. ಅವ್ರು ಹೇಳಿದ್ಮೇಲೆ ಪ್ಲೇಯರಿನಲ್ಲಿ ರೆಸೊಲ್ಯೂಷನ್ ಎಷ್ಟು ಅಂತ ತೆಗೆದು ನೋಡಿದ್ರೆ 1280 ಬೈ 720 ಅಂತ ಇದೆ. 4ಕೆ ಅಂದ್ರೆ 3840 ಬೈ 2160, ಲೆಕ್ಕ ಹಾಕಿದ್ರೆ ಬರಬೇಕಾದ ಚುಕ್ಕಿಗಳಲ್ಲಿ ಒಂಬತ್ತರಲ್ಲಿ ಒಂದು ಪಾಲು ಬರ್ತಾ ಇತ್ತು ಅಷ್ಟೆ, ತಿಂಗಳ ದುಡ್ಡು ಮಾತ್ರ ಪೂರ್ತಿ ಹೋಗ್ತಾ ಇತ್ತು.

ಮೊದ್ಲು ಬೈದಿದ್ದು ನೆಟ್ಟಿಗೆ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಫೈಬರ್ ಕಟ್ ಆಗೋದು ಹೊಸತಲ್ವಲ್ಲ. ನೆಟ್ಟಿನ ಹುಡುಗ ಮಳೇಲೇ ಬಂದು ಟೆಸ್ಟ್ ಮಾಡಿದ್ರೆ 45 ಎಂಬಿಪಿಎಸ್ ಬರ್ತಾ ಇದೆ, 4ಕೆಗೆ 15ರಿಂದ 25 ಇದ್ರೆ ಸಾಕು. ಪಾಪ ಅವನಿಗೆ ಚಾ ಕೊಟ್ಟು ಕಳ್ಸಿದೆ. ಆಮೇಲೆ ಕುಮಟಾದಲ್ಲಿ ಭಾವನ ಮನೆಗೆ ಹೋದಾಗ ಅವನ ಟಿವೀಲಿ ನನ್ನ ಅಕೌಂಟು ಹಾಕಿ ನೋಡಿದ್ರೆ ಅದೇ ಡಾಕ್ಯುಮೆಂಟರಿ ಲಕಲಕ ಅಂತ 4ಕೆಯಲ್ಲಿ ಬಂತು. ಅಂದ್ರೆ ಪ್ಲಾನ್ ಸರಿ ಇದೆ, ನೆಟ್ ಸರಿ ಇದೆ, ನಾನೇ ಶೂಟ್ ಮಾಡಿದ 4ಕೆ ಫೈಲು ನನ್ನ ಮಾನಿಟರಲ್ಲಿ ಚೊಲೋ ಓಡ್ತದೆ ಅಂದ್ಮೇಲೆ ಮಾನಿಟರೂ ಸರಿ ಇದೆ. ಉಳಿದಿದ್ದು ಒಂದೇ, ಯಾರೂ ವಿಡಿಯೋ ನಕಲು ಮಾಡ್ಕೋಬಾರ್ದು ಅಂತ ನಡುವೆ ಹಾಕಿರೋ ಬೀಗ.

ಈ ಬೀಗದ ವಿಷಯ ಓದ್ತಾ ಹೋದ ಹಾಗೆ ನಂಗೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಕಂಪನಿಯಿಂದ ಹೊರಟ ವಿಡಿಯೋ ಪರದೆ ಮುಟ್ಟೋವರೆಗೆ ಎಲ್ಲೂ ಬಿಚ್ಚಿ ಬೀಳಬಾರ್ದು ಅಂತ ಪ್ರತಿ ಹೆಜ್ಜೇಲೂ ಬೀಗ ಹಾಕಿರ್ತಾರೆ. ಬ್ರೌಸರಲ್ಲಿ ಒಂದು, ಪ್ರೊಸೆಸರ್ ಇಲ್ಲಾ ಗ್ರಾಫಿಕ್ಸ್ ಕಾರ್ಡಿನ ಚಿಪ್ಪಲ್ಲಿ ಒಂದು, ಕೇಬಲ್ ಮೇಲೆ ಹೋಗುವಾಗ ಇನ್ನೊಂದು. ಇದ್ರಲ್ಲಿ ಯಾವ್ದೋ ಒಂದು ಹಳೇದಾಗಿದ್ರೂ ವಿಡಿಯೋ ನಿಲ್ಲೋದಿಲ್ಲ, ಎರರ್ರೂ ಬರೋದಿಲ್ಲ, ಸದ್ದಿಲ್ದೆ ಕ್ವಾಲಿಟಿ ಇಳಿಸಿಬಿಡ್ತದೆ. ನಂಗೆ ಸಿಟ್ಟು ಬಂದಿದ್ದು ಇದಕ್ಕೇ, 'ನಿನ್ನ ಮಷಿನ್ನಿಗೆ ಇಷ್ಟೇ ಕೊಡೋದು' ಅಂತ ಒಂದು ಸಾಲು ಬರೆದು ತೋರಿಸಿದ್ರೆ ಆಗ್ತಿರ್ಲಿಲ್ವಾ, ಆ ಹುಡುಗ ಮಳೇಲಿ ನೆನೆಯೋದಾದ್ರೂ ತಪ್ತಿತ್ತು.

ಕೇಬಲ್ ಮೇಲಿನ ಬೀಗಕ್ಕೆ ಎಚ್‌ಡಿಸಿಪಿ ಅಂತಾರೆ, ಇಂಟೆಲ್ ಮಾಡಿದ್ದು. ಇದ್ರ ಹಳೇ ಆವೃತ್ತಿಯ ಮಾಸ್ಟರ್ ಕೀಲಿ 2010ರಲ್ಲೇ ಹೊರಗೆ ಬಿತ್ತು, ಹೌದು ಅಂತ ಇಂಟೆಲ್ಲೇ ಒಪ್ಪಿಕೊಳ್ತು. ಆಮೇಲೆ 2013ರಲ್ಲಿ 2.2 ಅಂತ ಬಂತು, ಹಳೇ ಸಾಮಾನಿಗೆ 4ಕೆ ಕೊಡಲೇಬಾರ್ದು ಅಂತ ವಿಡಿಯೋ ಮೇಲೆ ಗುರುತು ಹಾಕೋ ಏರ್ಪಾಡೂ ಇದೆ. ಹಂಗಾಗಿ ಪರದೆ ಎಷ್ಟೇ ಚೊಲೋ ಇರ್ಲಿ, ಅದಕ್ಕೆ 2.2 ಗೊತ್ತಿಲ್ದಿದ್ರೆ ಮುಗೀತು.

ಈಗ ನನ್ನ ಮಷಿನ್ನಿಗೆ ಬರ್ತೇನೆ. ಪ್ರೊಸೆಸರ್ ಇಂಟೆಲ್ 6ನೇ ಜನರೇಷನ್ನಿನ ಐ5, ಎಡಿಟಿಂಗಿಗೆ ಇವತ್ತಿಗೂ ಸಾಲ್ತದೆ. ಆದ್ರೆ 2016ರ ನವೆಂಬರಲ್ಲಿ ನೆಟ್‌ಫ್ಲಿಕ್ಸ್ ಮೊದಲ ಸಲ ಕಂಪ್ಯೂಟರಿಗೆ 4ಕೆ ಕೊಟ್ಟಾಗಲೇ ವಿಂಡೋಸ್ 10, ಎಡ್ಜ್ ಬ್ರೌಸರ್, 7ನೇ ಜನರೇಷನ್ನಿನ ಇಂಟೆಲ್ ಪ್ರೊಸೆಸರ್ ಮೂರೂ ಬೇಕು ಅಂತ ಹೇಳಿತ್ತು. 4ಕೆ ಬರೋದು ಎಚ್‌ಇವಿಸಿ 10 ಬಿಟ್ ಅಂತ ವಿಡಿಯೋ ಕುಗ್ಗಿಸಿ ಕಳ್ಸೋ ಒಂದು ರೂಪದಲ್ಲಿ, ಅದನ್ನ ಚಿಪ್ಪಿನೊಳಗೇ ಪೂರ್ತಿ ಬಿಚ್ಚೋ ಶಕ್ತಿ 7ನೇದಕ್ಕೆ ಬಂತು, ಮೈಕ್ರೋಸಾಫ್ಟಿನ ಪ್ಲೇರೆಡಿ ಅನ್ನೋ ಬೀಗದ ಗಟ್ಟಿ ಮಟ್ಟವೂ ಹಾರ್ಡ್‌ವೇರಲ್ಲೇ ಇರಬೇಕು. ಸಾಫ್ಟ್‌ವೇರ್ ಮಟ್ಟದ ಬೀಗ ಇರೋ ಬ್ರೌಸರಿಗೆ 4ಕೆ ಕೊಡೋದಿಲ್ಲ, ನಾನು ಎಡಿಟಿಂಗಿಗೆ ಇಟ್ಕೊಂಡಿರೋ ಲಿನಕ್ಸಲ್ಲಂತೂ ಆ ದಾರಿಯೇ ಇಲ್ಲ.

ಹೊಸ ಮದರ್‌ಬೋರ್ಡ್, ಪ್ರೊಸೆಸರ್ ತಗೊಳ್ಳೋ ಬದ್ಲು ಗ್ರಾಫಿಕ್ಸ್ ಕಾರ್ಡ್ ಹಾಕುವಾ ಅಂತ ತೀರ್ಮಾನ ಮಾಡ್ದೆ. ಎನ್‌ವಿಡಿಯಾ ಜಿಟಿಎಕ್ಸ್ 1050ರಿಂದ ಮೇಲಿನವು ಆಗ್ತವೆ ಅಂತ ಗೊತ್ತಾಗಿ ಗೆಳೆಯನ 1050 ಕಾರ್ಡ್ ಎರಡು ದಿನಕ್ಕೆ ತಂದು ಹಾಕ್ದೆ, ಆಗ್ಲಿಲ್ಲ. ಅರ್ಧ ದಿನ ಡ್ರೈವರ್ ತೆಗ್ದು ಹಾಕಿ, ತೆಗ್ದು ಹಾಕಿ ಮಾಡಿದ್ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದು ಕಂಡಿತು, ಕಾರ್ಡಲ್ಲಿ ಕಡಿಮೆ ಅಂದ್ರೂ 3 ಜಿಬಿ ಮೆಮೊರಿ ಇರಬೇಕಂತೆ, ಅವನದ್ದು 2 ಜಿಬಿ. ಕೊನೆಗೆ ಹುಬ್ಬಳ್ಳಿಯಿಂದ 4 ಜಿಬಿಯ 1050 ಟಿಐ ಸೆಕೆಂಡ್ ಹ್ಯಾಂಡ್ ತರಿಸ್ದೆ.

ಎಡ್ಜ್ ಹಾಕಿ ನೋಡಿದ್ರೆ ಎಚ್‌ಇವಿಸಿ ಇಲ್ಲ. ಪೇಟೆಂಟ್ ಲೈಸೆನ್ಸಿನ ಗೋಟಾಳಿಯಿಂದಾಗಿ ವಿಂಡೋಸ್ ಜೊತೆ ಅದು ಬಂದೇ ಬರ್ತದೆ ಅಂತ ಇಲ್ಲ, ಮೈಕ್ರೋಸಾಫ್ಟ್ ಸ್ಟೋರಲ್ಲಿ ಎಕ್ಸ್‌ಟೆನ್ಷನ್ ಸಣ್ಣ ದುಡ್ಡಿಗೆ ಸಿಗ್ತದೆ. ಅದನ್ನೂ ಹಾಕ್ದೆ. 1080ಕ್ಕೆ ಬಂತು, ಅಲ್ಲೇ ನಿಂತ್ಕೊಂತು.

ಇಲ್ಲಿ ನಾನು ಕಳೆದಿದ್ದು ನಾಲ್ಕು ದಿನ. ನಮ್ಮ ಕೆಲಸದವ್ರೆಲ್ಲ ಇದೊಂದನ್ನ ಸರಿಯಾಗಿ ಕೇಳ್ಕೊಳ್ಳಿ. ನನ್ನ ಟೇಬಲ್ ಮೇಲೆ ಕಾರ್ಡಿಗೂ 4ಕೆ ಮಾನಿಟರಿಗೂ ನಡುವೆ ಒಂದು ಎಚ್‌ಡಿಎಂಐ ಸ್ಪ್ಲಿಟರ್ ಇತ್ತು, ಮದುವೆ ಮನೆಯವ್ರು ಬಂದಾಗ ಜಗಲಿಯ ಟಿವಿಗೂ ತೋರ್ಸೋಕೆ ಇಟ್ಟಿದ್ದು, ವರ್ಷಗಟ್ಟಲೆ ಅಲ್ಲೇ ಇದ್ದಿದ್ರಿಂದ ಅದೊಂದು ಸಾಮಾನು ಅಂತ್ಲೇ ನೆನಪಿಗೆ ಬರ್ಲಿಲ್ಲ. ಸ್ಪ್ಲಿಟರ್ ಬರೀ ತಂತಿ ಅಲ್ಲ, ಬೀಗದ ಲೆಕ್ಕದಲ್ಲಿ ಅದೂ ಒಬ್ಬ ಮಧ್ಯಸ್ಥ, ಕೀಲಿ ಕೊಡೋದು ತಗೊಳ್ಳೋದು ಅದ್ರ ಮೂಲಕವೇ ಆಗಬೇಕು, ನನ್ನದು ಹಳೇ ಎಚ್‌ಡಿಸಿಪಿ 1.4ರದ್ದು. ಅದನ್ನ ಕಿತ್ತು ನೇರ ಕೇಬಲ್ ಹಾಕ್ದೆ. ಆದ್ರೂ 1080.

ಮತ್ತೆ ನೋಡಿದ್ರೆ ಪಕ್ಕದಲ್ಲಿ ಎಡಿಟಿಂಗ್ ಟೈಮ್‌ಲೈನ್ ಇಡ್ಲಿಕ್ಕೆ ಅಂತ ಹಳೇ ಮಾನಿಟರ್ ಡಿವಿಐ ಅನ್ನೋ ಹಳೇ ಥರದ ಪೋರ್ಟಲ್ಲಿ ಕೂತಿದೆ. ಅದ್ರಲ್ಲಿ ಸಿನಿಮಾ ನೋಡ್ತಾನೇ ಇಲ್ಲ ನಾನು, ಆದ್ರೆ ಒಂದೇ ಕಾರ್ಡಿಗೆ ಸೇರಿ ಚಾಲೂ ಇರೋ ಪರದೆಗಳಿಗೆಲ್ಲ 2.2 ಇರಬೇಕು ಅಂತ ನಿಯಮ, ಒಂದಕ್ಕೆ ಇಲ್ದಿದ್ರೂ ಎಲ್ಲದಕ್ಕೂ ಇಳಿಕೆ. ಕಂಟ್ರೋಲ್ ಪ್ಯಾನೆಲಲ್ಲಿ ಎಚ್‌ಡಿಸಿಪಿ ಇದೆ ಅಂತ ಬಂದ್ರೂ ನಂಬಿ ಕೂರಬೇಡಿ, ಇದೆ ಅಂದ ಮಾತ್ರಕ್ಕೆ 2.2 ಅಂತ ಅರ್ಥ ಅಲ್ಲ, ಪ್ರತಿ ಪರದೆಯ ಮ್ಯಾನುಯಲ್ ತೆಗೆದು ಯಾವ ಪೋರ್ಟಿಗೆ 2.2 ಇದೆ ಅಂತ ನೋಡಿ. ಹಳೇ ಮಾನಿಟರ್ ಬಂದ್ ಮಾಡಿ ಪೇಜ್ ರಿಫ್ರೆಶ್ ಮಾಡ್ದೆ, 2160 ಬಂತು.

ಇದನ್ನ ಕೇಳಿ ಯಲ್ಲಾಪುರದ ಗೆಳೆಯ ಒಬ್ಬ ಹೊಸ ಕಂಪ್ಯೂಟರ್ ತಗೊಂಡ್ರೆ ತಲೆಬಿಸಿನೇ ಇಲ್ಲ ಅಂದ. ಸ್ಟ್ರೀಮಿಂಗಿಗೆ ಹೆಚ್ಚುಕಮ್ಮಿ ಹೌದು. ಆದ್ರೆ 4ಕೆ ಬ್ಲೂರೇ ಡಿಸ್ಕ್ ಕಂಪ್ಯೂಟರಲ್ಲಿ ನಿಯಮದ ಪ್ರಕಾರ ಓಡ್ಲಿಕ್ಕೆ ಪ್ರೊಸೆಸರಿನೊಳಗೆ ಗುಟ್ಟಿನ ಕೀಲಿ ಕಾಪಾಡೋ ಇಂಟೆಲ್ಲಿನ ಎಸ್‌ಜಿಎಕ್ಸ್ ಅನ್ನೋ ಏರ್ಪಾಡು ಬೇಕು, ಅದನ್ನ 11ನೇ ಜನರೇಷನ್ನಿಂದ ಇಂಟೆಲ್ಲೇ ಕೋರ್ ಪ್ರೊಸೆಸರಿಂದ ತೆಗೆದು ಹಾಕ್ತು. ಅಂದ್ರೆ ಡಿಸ್ಕ್ ತಗೊಂಡೋನು ಹೊಸ ಮಷಿನ್ ತಗೊಂಡ್ರೆ ಮೊದ್ಲು ಓಡ್ತಿದ್ದಿದ್ದೂ ಓಡೋದಿಲ್ಲ. ನಿಯಮ ಪಾಲಿಸಿ ದುಡ್ಡು ಕೊಟ್ಟೋರಿಗೇ ಹಿಂಗೆ ಆಗೋದು ನಂಗೆ ಸುತಾರಾಂ ಸರಿ ಕಾಣೋದಿಲ್ಲ, ಕದ್ದ ಫೈಲಿಗೆ ಈ ಯಾವ ಬೀಗಾನೂ ಇರೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋದೇ.

ಆವತ್ತು ರಾತ್ರಿ ಊಟ ಆದ್ಮೇಲೆ ಅಪ್ಪಯ್ಯನ್ನ ಕೂರಿಸಿ ಅದೇ ಡಾಕ್ಯುಮೆಂಟರಿ ಹಾಕ್ದೆ. ಮಂಗಟ್ಟೆ ರೆಕ್ಕೆ ಬಿಚ್ಚಿದಾಗ ಮುಂದಕ್ಕೆ ಬಗ್ಗಿ, "ಹಾಂ, ಈಗ ಕಾಣ್ತು ನೋಡು" ಅಂದ್ರು. ಹಗಲು ನಂಗೆ ಎರಡೂ ಪರದೆ ಬೇಕು, ಸಂಜೆ ಒಂದನ್ನ ಬಂದ್ ಮಾಡಬೇಕು, ಅದಕ್ಕೆ ವಿಂಡೋಸ್ ಬಟನ್ ಜೊತೆ ಪಿ ಒತ್ತೋದನ್ನ ಅವ್ರಿಗೆ ಹೇಳಿ ಕೊಟ್ಟಿದ್ದೇನೆ. ನಾನು ಶೂಟಿಂಗಿಗೆ ಹೋದ ದಿನ ಈಗ ಅವ್ರೇ ಒತ್ತಿ ನೋಡ್ಕೊಳ್ತಾರೆ.