ಫ್ಲ್ಯಾಟಿನಲ್ಲಿ ಹಾಡು, ಮೃದಂಗ, ಸ್ಪೀಕರ್: ಮಂಗಳೂರಿಗೆ ಹೊಸದಾಗಿ ಬಂದವರಿಗೆ

ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ವರ್ಗವಾಗಿ ಬಂದು ಬಿಜೈ, ಕದ್ರಿ, ಕಂಕನಾಡಿ, ಕೊಟ್ಟಾರದ ಕಡೆ ಫ್ಲ್ಯಾಟ್ ಹಿಡಿದವರು ನಮ್ಮ ಸಂಘಕ್ಕೆ ಬಂದಾಗ ಗ್ಯಾಸು, ಶಾಲೆ, ನೀರಿನ ವಿಚಾರ ಆದ ಮೇಲೆ ಇದನ್ನೂ ಕೇಳುತ್ತಾರೆ: ಮಗಳು ವೀಣೆ ಕಲಿಯುತ್ತಿದ್ದಾಳೆ, ಮಗ ಮೃದಂಗ, ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ? ಸಂಗೀತ ನಿಲ್ಲಿಸಬೇಡಿ. ಗೋಡೆಯ ಆಚೆ ಯಾರಿದ್ದಾರೆ, ಕೆಳಗೆ ಯಾರಿದ್ದಾರೆ, ಅವರು ಯಾವ ಹೊತ್ತಿಗೆ ಮಲಗುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ರಬ್ಬರ್ ಮ್ಯಾಟು, ಪರದೆಗಳ ಮಾತೆಲ್ಲ ಆಮೇಲೆ.

ಇದು ಆಸ್ಪತ್ರೆಗಳ ಊರು. ವೆನ್ಲಾಕ್, ಫಾದರ್ ಮುಲ್ಲರ್, ಕೆಎಂಸಿ ಎಂದು ಹೆಸರು ಹೇಳುತ್ತಾ ಹೋಗಬಹುದು. ನೀವಿರುವ ಕಟ್ಟಡದಲ್ಲೂ ರಾತ್ರಿ ಪಾಳಿಯ ನರ್ಸ್ ಒಬ್ಬರು ಇರುವ ಸಾಧ್ಯತೆ ಹೆಚ್ಚು. ಅವರಿಗೆ ಬೆಳಗ್ಗಿನ ಹತ್ತು ಗಂಟೆಯೆಂದರೆ ಸರಿರಾತ್ರಿ. ನನ್ನ ಮಗ ಮೃದಂಗ ಶುರು ಮಾಡಿದ ಬೇಸಗೆ ರಜೆಯಲ್ಲಿ ಅದೇ ಹೊತ್ತಿಗೆ ಅಭ್ಯಾಸಕ್ಕೆ ಕೂರುತ್ತಿದ್ದ. ಮೂರು ವಾರದ ಮೇಲೆ ಕೆಳಮನೆಯ ಅಕ್ಕ ಲಿಫ್ಟಿನಲ್ಲಿ ಸಿಕ್ಕಿ, “ಮಗ ಒಳ್ಳೆ ಬಾರಿಸ್ತಾನೆ. ದಿನಾ ಹತ್ತು ಗಂಟೆಗೇ ಉಂಟಾ?” ಎಂದರು. ಹೊಗಳಿಕೆ ಎಂದುಕೊಂಡು ಖುಷಿಪಟ್ಟೆ. ಅವರು ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆಯಿಲ್ಲದೆ ಒದ್ದಾಡುತ್ತಿದ್ದರೆಂದು ಗೊತ್ತಾದಾಗ ನಿಜಕ್ಕೂ ನೋವಾಯಿತು. ಅಭ್ಯಾಸವನ್ನು ಸಂಜೆ ಐದಕ್ಕೆ ಬದಲಿಸಿದೆವು. ಈಗ ಡ್ಯೂಟಿ ಬದಲಾದಾಗೆಲ್ಲ ಅವರೇ ಹೇಳುತ್ತಾರೆ.

ಇಲ್ಲಿನವರು ಮೊದಲ ಸಲವೇ ಬಾಗಿಲು ಬಡಿದು ದೂರುವುದು ಕಡಿಮೆ. “ನಿನ್ನೆ ನಿಮ್ಮಲ್ಲಿ ಗಮ್ಮತ್ತಾ?” ಎಂದು ನಗುತ್ತಾ ಕೇಳಿದರೆ, ಶಬ್ದ ಅವರ ಮನೆಯವರೆಗೆ ಹೋಗಿದೆ ಎಂದೇ ತಿಳಿಯಿರಿ. ಮನೆಗೆ ಬಂದ ಮೊದಲ ವಾರವೇ ಅಕ್ಕಪಕ್ಕ, ಮೇಲೆ, ಕೆಳಗೆ ನಾಲ್ಕು ಬಾಗಿಲಿಗೆ ಹೋಗಿ ಪರಿಚಯ ಮಾಡಿಕೊಂಡು, “ಮಗು ಸಂಗೀತ ಕಲಿಯುವುದು, ನಿಮಗೆ ಯಾವ ಹೊತ್ತು ಆಗುವುದಿಲ್ಲ?” ಎಂದು ನೀವೇ ಕೇಳಿಬಿಡಿ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರೂ ನಿಮ್ಮೊಂದಿಗೆ ಕನ್ನಡದಲ್ಲೇ ಮಾತಾಡುತ್ತಾರೆ, ಭಾಷೆಯ ಅಂಜಿಕೆ ಬೇಡ. ಮಧ್ಯಾಹ್ನ ಊಟದ ಮೇಲೆ ಹಿರಿಯರು ಮಲಗುವ ಹೊತ್ತು, ಮಾರ್ಚಿನ ಪರೀಕ್ಷೆಯ ದಿನಗಳು, ಕಟ್ಟಡದಲ್ಲಿ ಸಾವಾದ ಮನೆ, ಇವನ್ನು ಯಾರೂ ಹೇಳದೆಯೇ ಗಮನಿಸಬೇಕು.

ಶಬ್ದ ಹೋಗುವ ದಾರಿ

ಗಾಳಿಯಲ್ಲಿ ಹೋಗುವ ಶಬ್ದ ಬೇರೆ, ಕಾಂಕ್ರೀಟಿನೊಳಗೆ ಹೋಗುವ ಶಬ್ದ ಬೇರೆ. ಹಾಡಿನ ದನಿ ಕಿಟಕಿಯಿಂದ, ಬಾಗಿಲಿನ ಅಡಿಯ ಸಂದಿನಿಂದ, ಬಚ್ಚಲಿನ ವೆಂಟಿಲೇಟರಿನಿಂದ ಹೊರಡುತ್ತದೆ. ಎಲ್ಲ ಮಹಡಿಯ ಬಚ್ಚಲುಗಳೂ ಒಂದೇ ಡಕ್ಟಿಗೆ ತೆರೆದುಕೊಂಡಿದ್ದರೆ ನಿಮ್ಮ ಮನೆಯ ದನಿ ಮೂರನೆಯ ಮಹಡಿಗೂ ಸಲೀಸಾಗಿ ಮುಟ್ಟುತ್ತದೆ. ಕಿಟಕಿ ಮುಚ್ಚಿ, ಬಚ್ಚಲಿನ ಬಾಗಿಲು ಹಾಕಿ, ಅಭ್ಯಾಸದ ಕೋಣೆಯ ಬಾಗಿಲಡಿಗೆ ಹಳೆಯ ಬೆಡ್‌ಶೀಟ್ ಸುತ್ತಿಟ್ಟರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಸಬ್‌ವೂಫರಿನ, ಅಂದರೆ ತಗ್ಗು ದನಿಯ (ಬಾಸ್) ಸ್ಪೀಕರ್ ಪೆಟ್ಟಿಗೆಯ, ಗುಂಯ್‌ಗುಡುವಿಕೆಗೆ ಇದು ಸಾಲದು. ಟೈಲ್ಸ್ ನೆಲಕ್ಕೆ ತಾಗಿಸಿ ಇಟ್ಟ ಪೆಟ್ಟಿಗೆ ಸ್ಲ್ಯಾಬನ್ನೇ ಅಲುಗಿಸುತ್ತದೆ, ಕೆಳಗಿನವರಿಗೆ ಹಾಡು ಕೇಳಿಸದೆ ಬರೀ ಬಡಿತ ಕೇಳಿಸುತ್ತದೆ. ಅದನ್ನು ಗೋಡೆ ಮೂಲೆಯಿಂದ ಈಚೆಗೆ ತನ್ನಿ, ದಪ್ಪ ರಬ್ಬರ್ ಮ್ಯಾಟಿನ ಮೇಲಿಡಿ, ಬಾಸ್ ತಗ್ಗಿಸಿ. ವಾಲ್ಯೂಮ್ ಇಳಿಸುವುದಕ್ಕಿಂತ ಬಾಸ್ ಇಳಿಸಿದರೆ ಲಾಭ ಹೆಚ್ಚು. ಮೃದಂಗದ ಎಡಗೈ ಪೆಟ್ಟೂ ನೆಲಕ್ಕಿಳಿಯುತ್ತದೆ, ಹಾಗಾಗಿ ಚಾಪೆ ಸಾಲದು, ಹತ್ತಿಯ ಹಾಸಿಗೆ ಮಡಚಿ ಅದರ ಮೇಲೆ ಕೂರಿಸಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಲು ಖರ್ಚು ಮಾಡಬೇಡಿ. ಕೋಣೆಯೊಳಗಿನ ಪ್ರತಿಧ್ವನಿ ಸ್ವಲ್ಪ ಕಡಿಮೆಯಾದೀತೇ ಹೊರತು ಶಬ್ದ ಆಚೆ ಹೋಗುವುದು ನಿಲ್ಲದು. ದಪ್ಪ ಪರದೆಯದ್ದೂ ಅದೇ ಕಥೆ. ಬಟ್ಟೆ ತುಂಬಿದ ಕಪಾಟನ್ನು ಪಕ್ಕದ ಮನೆಯ ಗೋಡೆಗೆ ಒತ್ತಿ ನಿಲ್ಲಿಸುವುದು ಅದಕ್ಕಿಂತ ವಾಸಿ.

ಕದ್ರಿ ಗೋಪಾಲನಾಥರ ಊರಿದು, ಮಕ್ಕಳು ಸ್ಯಾಕ್ಸೊಫೋನ್ ಬೇಕೆಂದು ಕೇಳುತ್ತಾರೆ. ಅದರ ಬಾಯಿಗೆ ಬಟ್ಟೆ ತುರುಕಿ ಪ್ರಯೋಜನವಿಲ್ಲ, ಸ್ವರ ತೂತುಗಳಿಂದಲೂ ಹೊರಬರುತ್ತದೆ. ಅದಕ್ಕೆ ಸಂಜೆಯೇ ಸರಿ. ಕೀಬೋರ್ಡಿಗೆ ಹೆಡ್‌ಫೋನ್ ಇದ್ದರೆ ಯಾವ ಹೊತ್ತಾದರೂ ಆಗುತ್ತದೆ, ಕೀಬೋರ್ಡಿನ ಸ್ಟ್ಯಾಂಡಿನ ಕಾಲಡಿಗೂ ರಬ್ಬರ್ ಇರಲಿ.

ಮಳೆಗಾಲದ ಒಂದು ಮಾತು

ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಹೇಗೆ ಸುರಿಯುತ್ತದೆಂದು ಘಟ್ಟದ ಮೇಲಿನವರಿಗೆ ಬಂದ ಮೇಲೆಯೇ ತಿಳಿಯುವುದು. ತಾರಸಿಯ ಶೀಟಿನ ಮೇಲೆ ಮಳೆ ಬಿದ್ದಾಗ ಟಿವಿ ಕೇಳಿಸದೆ ವಾಲ್ಯೂಮ್ ಏರಿಸುತ್ತೀರಿ. ಮಳೆ ಥಟ್ಟನೆ ನಿಲ್ಲುತ್ತದೆ, ವಾಲ್ಯೂಮ್ ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಕಟ್ಟಡದಲ್ಲಿ ಜಗಳ ಶುರುವಾದದ್ದು ಹೆಚ್ಚಾಗಿ ಇದೇ ಗಳಿಗೆಯಲ್ಲಿ. ರಿಮೋಟ್ ಕೈಯಲ್ಲೇ ಇರಲಿ.

ಕಾನೂನು

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಖಾಸಗಿ ಸ್ಪೀಕರಿನ ಅಥವಾ ವಾದ್ಯದ ಶಬ್ದ ನಿಮ್ಮ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗೆ ಸರ್ಕಾರ ಘೋಷಿಸಿದ ನಿಶ್ಶಬ್ದ ವಲಯದಲ್ಲಿ ಮಿತಿ ಇನ್ನೂ ಕಡಿಮೆ: 50 ಮತ್ತು 40. ಹಬ್ಬಗಳಿಗೆ ಮಧ್ಯರಾತ್ರಿವರೆಗೆ ಸರ್ಕಾರ ಕೊಡಬಹುದಾದ ವಿನಾಯಿತಿ ವರ್ಷಕ್ಕೆ 15 ದಿನ ಮೀರದು, ಮಗುವಿನ ಹುಟ್ಟುಹಬ್ಬಕ್ಕೆ ಅದು ಅನ್ವಯಿಸುವುದಿಲ್ಲ. ಮೊಬೈಲಿನ ಡೆಸಿಬೆಲ್ ಆ್ಯಪ್ ಅಂದಾಜು ತೋರಿಸುತ್ತದೆ ಅಷ್ಟೆ. ಹಾಡು ಹಾಕಿಟ್ಟು ಕೆಳಮನೆಯಲ್ಲಿ ಹೋಗಿ ನಿಂತು ಕೇಳಿ ನೋಡಿದರೆ ಅದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಯಾರಾದರೂ ಬಾಗಿಲಿಗೆ ಬಂದು ಹೇಳಿದರೆ ಮೊದಲು ನಿಲ್ಲಿಸಿ, ಆಮೇಲೆ ಮಾತಾಡಿ. ನಿಮಗೇ ತೊಂದರೆಯಾಗಿದ್ದರೆ ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆಯಬೇಡಿ, ಹತ್ತಾರು ಮನೆಯವರ ಎದುರು ಹೇಳಿಸಿಕೊಂಡವರು ಮತ್ತೆ ಮುಖ ಕೊಟ್ಟು ಮಾತಾಡುವುದಿಲ್ಲ. ಸಂಜೆ ನೇರ ಹೋಗಿ ಹೇಳಿ.

ಇನ್ನು ಚೆಂಡೆ. ಯಕ್ಷಗಾನ ನೋಡಿದ ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ, ಕೇಳಲಿ ಎಂದೇ ನಮ್ಮ ಆಸೆ. ಆದರೆ ಬಯಲಿನ ಆಟದಲ್ಲಿ ದೂರದವರೆಗೆ ಕೇಳಲೆಂದು ಇರುವ ವಾದ್ಯ ಅದು, ಯಾವ ಕಿಟಕಿ ಮುಚ್ಚಿದರೂ ಫ್ಲ್ಯಾಟಿನೊಳಗೆ ಅಡಗದು. ಮನೆಯಲ್ಲಿ ದಿಂಬಿನ ಮೇಲೆ ಕೋಲು ಬಡಿದು ಕೈ ಪಳಗಿಸಲಿ. ಚೆಂಡೆಯನ್ನೇ ಬಾರಿಸಲು ಶಾಲೆಯ ಕೋಣೆ ಅಥವಾ ದೇವಸ್ಥಾನದ ಸಭಾಭವನ ಕೇಳಿ ನೋಡಬೇಕು. ಅಂಥ ಮನೆಯವರು ಇಬ್ಬರು ಮೂವರು ಸೇರಿದರೆ ಕೇಳುವುದು ಸುಲಭ, ಸಂಘಕ್ಕೆ ಬಂದು ನಿಮ್ಮ ಹೆಸರು ಕೊಡಿ.